ಅತ್ತಿಗೆ ಆರಿಸಿದ ಫಿಲ್ಟರ್

ಹಳದಿ ವಿಮಾನ ಮೂರನೆಯ ಸಲ ಕೆಮ್ಮಿದ ದಿನ ಅತ್ತಿಗೆ ಅಲ್ಲೇ ಇದ್ದಳು. ಅದರ ಎರಡು ಸೀಟಿಗೂ ಹೊಸ ದಿಂಬು ಹೊಲಿದುಕೊಟ್ಟಿದ್ದಳು. ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು ಹೋಗೋಣವೆಂದು ಬಂದು, ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಟೀ ಲೋಟ ಹಿಡಿದು ಕೂತಿದ್ದಳು.

ಮೈದುನ ವಿಮಾನವನ್ನು ರನ್‌ವೇಯ ತುದಿಗೆ ಒಯ್ದು, ತಿರುಗಿಸಿ ನಿಲ್ಲಿಸಿ, ಪೂರ್ತಿ ವೇಗ ಕೊಟ್ಟ. ಅದು ಹುಲ್ಲಿನ ಮೇಲೆ ಕುಣಿಯುತ್ತ ಓಡತೊಡಗಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಎಂಜಿನ್ನಿನ ಸದ್ದು ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ ತಡವರಿಸಿತು. ಒಂದು ಸಲ ತಡವರಿಸಿ ಸುಧಾರಿಸಿಕೊಂಡಿತು, ಮತ್ತೆ ತಡವರಿಸಿತು. ಮೈದುನ ತಡ ಮಾಡಲಿಲ್ಲ. ವೇಗ ಇಳಿಸಿ, ಬ್ರೇಕು ಹಾಕಿ, ಬೇಲಿ ಇನ್ನೂ ಸಾಕಷ್ಟು ದೂರವಿರುವಾಗಲೇ ನಿಲ್ಲಿಸಿದ. ಅತ್ತಿಗೆಯ ಲೋಟದ ಟೀ ಸೀರೆಯ ಮೇಲೆ ಚೆಲ್ಲಿತ್ತು. ಅದು ಅವಳಿಗೆ ಗೊತ್ತಾದದ್ದು ಆಮೇಲೆ.

ಹೆಸರಿಗೆ ಅದು ಫ್ಲೈಯಿಂಗ್ ಕ್ಲಬ್. ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಹುಲ್ಲಿನ ರನ್‌ವೇ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸುವ ಒಂದು ಬಟ್ಟೆಯ ಚೀಲ ಮತ್ತು ಆ ಪುಟ್ಟ ಹಳದಿ ವಿಮಾನ. ಹಾರಿಸುವ ಲೈಸೆನ್ಸ್ ಇದ್ದವರು ಇಬ್ಬರು. ಒಬ್ಬ ಮೈದುನ; ಅವನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ. ವಾರವಿಡೀ ಜನರ ಬಾಯಿ ತೆರೆಸಿ ತೆರೆಸಿ ಬೇಸತ್ತು ಭಾನುವಾರ ಆಕಾಶಕ್ಕೆ ಓಡುತ್ತಿದ್ದರು. ವಿಮಾನದ ಆರೋಗ್ಯ ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ. ಮೂವತ್ತು ವರ್ಷ ದೋಣಿಗಳ ಎಂಜಿನ್ ರಿಪೇರಿ ಮಾಡಿ, ಐವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆಗೆ ಕೂತು ವಿಮಾನದ ಕೆಲಸ ಕಲಿತವರು. ಮಾತು ಬಹಳ ಕಡಿಮೆ. ಯಾವುದಕ್ಕೂ "ಹ್ಞೂಂ" ಎನ್ನುವರು. ಆ ಹ್ಞೂಂ ಉದ್ದವಾಗಿದ್ದರೆ ಒಪ್ಪಿಗೆ, ಗಿಡ್ಡವಾಗಿದ್ದರೆ ಸಿಟ್ಟು, ಮೂಗಿನಿಂದ ಬಂದರೆ ಯೋಚಿಸುತ್ತಿದ್ದಾರೆ ಎಂದು ಅರ್ಥ. ಕ್ಲಬ್ಬಿನವರು ಅದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದರು.

ಅತ್ತಿಗೆ ಕ್ಲಬ್ಬಿನ ಸದಸ್ಯೆಯಲ್ಲ. ಮೈದುನ ಅತ್ತಿಗೆ ಅತ್ತಿಗೆ ಎಂದು ಕರೆದೂ ಕರೆದೂ, ಡಾಕ್ಟರಮ್ಮನಿಗೂ ಮೇಸ್ತ್ರಿಗೂ ಗೇಟಿನ ಕಾವಲುಗಾರನಿಗೂ ಅವಳು ಅತ್ತಿಗೆಯೇ ಆಗಿಹೋಗಿದ್ದಳು. ಹಾಲಿನ ಕಾರ್ಖಾನೆಯ ಸೋಸುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಎರಡು ವರ್ಷದ ಹಿಂದೆ ನಿವೃತ್ತಳಾಗಿದ್ದಳು. ಆಮೇಲೆ ಸುಮ್ಮನೆ ಕೂರಲಾರದೆ ಹೊಲಿಗೆ ಹಿಡಿದಿದ್ದಳು. ದಿಂಬು ಅದರದೇ ಫಲ.

ಮೈದುನ, ಡಾಕ್ಟರಮ್ಮ, ಮೇಸ್ತ್ರಿ ಮೂವರೂ ವಿಮಾನವನ್ನು ತಳ್ಳಿಕೊಂಡು ಶೆಡ್ಡಿಗೆ ತಂದರು. ಮೇಸ್ತ್ರಿ ಮುಂದಿನ ಮುಚ್ಚಳ ತೆಗೆದು, ಯಾರನ್ನೂ ಏನೂ ಕೇಳದೆ ಪೆಟ್ರೋಲಿನ ಫಿಲ್ಟರ್ ಬಿಚ್ಚಿದರು. ಆ ವಿಮಾನದಲ್ಲಿ ಪೆಟ್ರೋಲಿಗೆ ಪಂಪು ಇರಲಿಲ್ಲ. ಎರಡು ರೆಕ್ಕೆಯೊಳಗೂ ಒಂದೊಂದು ಟ್ಯಾಂಕು. ಅಲ್ಲಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಕೊಳವೆಯಲ್ಲಿ ಇಳಿದು, ಫಿಲ್ಟರಿನಲ್ಲಿ ನುಸುಳಿ, ಎಂಜಿನ್ನಿಗೆ ಹೋಗಬೇಕು. ನಡುವೆ ಎಲ್ಲಿ ದಾರಿ ಕಟ್ಟಿದರೂ ಎಂಜಿನ್ನಿಗೆ ಉಪವಾಸ. ಹೋದ ತಿಂಗಳು ಮೊದಲ ಸಲ ಕೆಮ್ಮಿದಾಗ ಫಿಲ್ಟರಿನಲ್ಲಿ ಕೊಳೆ ಕಂಡಿತ್ತು. ಕೊಳೆ ಎಂಜಿನ್ನಿಗೆ ಹೋಗಬಾರದೆಂದು ಮೇಸ್ತ್ರಿ ಇನ್ನಷ್ಟು ಸಣ್ಣ ರಂಧ್ರದ್ದು ಹಾಕಿದರು. ಅದೂ ಕಟ್ಟಿತು. ಅದಕ್ಕಿಂತ ಸಣ್ಣದು ಹಾಕಿದರು. ಈಗ ಇದು. ಬಿಚ್ಚಿದ್ದನ್ನು ಕಸದ ಡಬ್ಬಿಗೆ ಎಸೆದು, ಡ್ರಾಯರಿನಿಂದ ಅದಕ್ಕಿಂತಲೂ ಸಣ್ಣ ರಂಧ್ರದ, ಇನ್ನೂ ಹೊಸ ಡಬ್ಬಿಯಲ್ಲಿದ್ದ ಫಿಲ್ಟರನ್ನು ಹೊರತೆಗೆದರು.

ಅತ್ತಿಗೆಗೆ ತಡೆಯಲಾಗಲಿಲ್ಲ. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸುವ ಅಭ್ಯಾಸ ಅವಳಿಗಿರಲಿಲ್ಲ, ಆದರೆ ಫಿಲ್ಟರನ್ನು ನೋಡದೆ ಎಸೆಯುವುದನ್ನು ಕಣ್ಣಾರೆ ಕಂಡು ಸುಮ್ಮನಿರುವ ಅಭ್ಯಾಸವೂ ಇರಲಿಲ್ಲ. ಎದ್ದು ಹೋಗಿ ಕಸದ ಡಬ್ಬಿಗೆ ಕೈ ಹಾಕಿದಳು. ಮೈದುನ ಮುಜುಗರದಿಂದ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಛಾವಣಿ ನೋಡಿದರು.

ಇದನ್ನು ಒಡೆದು ನೋಡಬಹುದೇ ಎಂದು ಅತ್ತಿಗೆ ಕೇಳಿದಳು. ಬಿಸಾಡಿದ್ದು ತಾನೇ, ಏನು ಬೇಕಾದರೂ ಮಾಡಿಕೊಳ್ಳಲಿ ಎಂಬ ಅರ್ಥದ ಒಂದು ಹ್ಞೂಂ ಬಂತು. ಅದರಲ್ಲಿದ್ದ ಪೆಟ್ರೋಲನ್ನು ಬಸಿದು, ಹೊರಗೆ ಗಾಳಿಗೆ ಒಂದು ಗಂಟೆ ಇಟ್ಟು ಒಣಗಿಸಿದಳು. ಮೈದುನ ಗರಗಸ ತಂದುಕೊಟ್ಟರೆ ಬೇಡವೆಂದಳು. ಗರಗಸದಿಂದ ಕೊಯ್ದರೆ ತಗಡಿನ ಪುಡಿ ಒಳಗೆ ಬಿದ್ದು, ಯಾವುದು ಮೊದಲಿನ ಕೊಳೆ, ಯಾವುದು ತಾವು ಬೀಳಿಸಿದ್ದು ಎಂದು ತಿಳಿಯುವುದಿಲ್ಲ. ನಲ್ಲಿಯ ಪೈಪು ಕತ್ತರಿಸುವ, ಚಕ್ರವಿರುವ ಕಟರ್ ಹುಡುಕಿಸಿ ತರಿಸಿ, ಫಿಲ್ಟರಿನ ಹೊಟ್ಟೆಯ ಸುತ್ತ ನಿಧಾನವಾಗಿ ತಿರುಗಿಸುತ್ತ ತಿರುಗಿಸುತ್ತ ಎರಡು ಹೋಳು ಮಾಡಿದಳು. ಛಾವಣಿ ನೋಡುತ್ತಿದ್ದ ಮೇಸ್ತ್ರಿಯ ಕಣ್ಣು ಅಷ್ಟು ಹೊತ್ತಿಗೆ ಕೆಳಗಿಳಿದಿತ್ತು.

ಒಳಗೆ ಮಡಿಕೆ ಮಡಿಕೆಯಾಗಿ ಕಾಗದ. ಅತ್ತಿಗೆ ಅದನ್ನು ಬಿಳಿ ತಟ್ಟೆಯ ಮೇಲೆ ಬಿಡಿಸಿ ಹರವಿ, ಮೈದುನನ ಜೇಬಿನಲ್ಲಿ ಸದಾ ಇರುವ ಭೂತಕನ್ನಡಿ ಇಸಿದುಕೊಂಡು ಬಗ್ಗಿದಳು. ಕಾರ್ಖಾನೆಯಲ್ಲಿ ಇದಕ್ಕೆ ಬಟ್ಟೆ ಓದುವುದು ಎನ್ನುತ್ತಿದ್ದರು. ಹಾಲು ಸೋಸಿದ ಬಟ್ಟೆಯನ್ನು ಒಗೆಯುವ ಮೊದಲು ದೀಪದ ಕೆಳಗೆ ಹಿಡಿದು ಓದಬೇಕು. ಹುಲ್ಲಿನ ಚೂರಿದ್ದರೆ ಹಾಲು ಕರೆಯುವಲ್ಲಿ ಕೊಳಕು, ತುಕ್ಕಿದ್ದರೆ ಕ್ಯಾನು ಹಳೆಯದು. ಹೀಗೆ ಓದಿ ಓದಿ, ಯಾವ ಲಾರಿಯ ಯಾವ ಕ್ಯಾನು ಎಂದು ಹೇಳುವಷ್ಟು ಅವಳ ಕಣ್ಣು ಪಳಗಿತ್ತು.

ಈ ಕಾಗದ ಹೇಳಿದ್ದು ಎರಡು ವಿಷಯ. ಮೊದಲನೆಯದು, ಕಾಗದ ಉಬ್ಬಿಕೊಂಡಿತ್ತು. ಅಂದರೆ ಪೆಟ್ರೋಲಿನಲ್ಲಿ ಎಲ್ಲೋ ತುಸು ನೀರು ಸೇರಿತ್ತು. ನೀರು ಕುಡಿದ ಕಾಗದ ಪೆಟ್ರೋಲಿಗೆ ದಾರಿ ಬಿಡುವುದಿಲ್ಲ. ಎರಡನೆಯದು, ಅದರ ತುಂಬ ಸಾಸಿವೆಗಿಂತ ಸಣ್ಣ ಕಪ್ಪು ಚೂರುಗಳು. ಅತ್ತಿಗೆ ಒಂದನ್ನು ಬೆರಳ ತುದಿಯಲ್ಲಿ ತೆಗೆದು ಉಗುರಿನಿಂದ ಒತ್ತಿದಳು. ಅದು ಪುಡಿಯಾಗಲಿಲ್ಲ, ಬೆರಳಿಗೆ ಮೆತ್ತಲೂ ಇಲ್ಲ. ಚಿಮ್ಮಿ ಹೋಗಿ ಡಾಕ್ಟರಮ್ಮನ ತೋಳಿನ ಮೇಲೆ ಬಿತ್ತು.

"ಇದು ರಬ್ಬರ್ ಕಣೋ," ಎಂದಳು ಮೈದುನನಿಗೆ. "ಪೆಟ್ರೋಲ್ ತರೋ ಡ್ರಮ್ಮಿನ ಕೊಳೆ ಅಲ್ಲ. ನಿಮ್ಮ ಕೊಳವೇನೇ ಒಳಗೊಳಗೆ ಉದುರ್ತಾ ಇದೆ. ಉದುರೋ ತನಕ ನೀವು ಎಷ್ಟು ಸಣ್ಣ ರಂಧ್ರದ್ದು ಹಾಕ್ತೀರೋ ಅದು ಅಷ್ಟು ಬೇಗ ಕಟ್ಕೊಳ್ತದೆ ಅಷ್ಟೇ."

ಆ ಕೊಳವೆಯನ್ನು ಹೋದ ವರ್ಷ ಮೇಸ್ತ್ರಿಯೇ ತರಿಸಿ, ತಾವೇ ಹಾಕಿ, ಹತ್ತು ವರ್ಷ ಈ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದಿದ್ದರು. ಅವರು ಜೀವನದಲ್ಲಿ ಆಡಿದ ಅತಿ ಉದ್ದದ ವಾಕ್ಯ ಅದೇ ಇರಬೇಕೆಂದು ಡಾಕ್ಟರಮ್ಮ ಆಗ ನಕ್ಕಿದ್ದರು. ಈಗ ಯಾರೂ ನಗಲಿಲ್ಲ. ಮೇಸ್ತ್ರಿ ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟರು, ಕೈ ಒರೆಸಿಕೊಂಡರು, ಬಹಳ ಗಿಡ್ಡದೊಂದು ಹ್ಞೂಂ ಹೇಳಿ, ಸೈಕಲ್ ಹತ್ತಿ ಹೊರಟೇಹೋದರು.

ಮನೆಗೆ ಬರುವಾಗ ಮೈದುನನ ಸ್ಕೂಟರಿನ ಹಿಂದೆ ಕೂತ ಅತ್ತಿಗೆಗೆ ತನ್ನ ನಾಲಗೆಯ ಮೇಲೆ ತನಗೇ ಕೋಪ. ಹೇಳಿದ್ದು ತಪ್ಪಲ್ಲ, ನಾಲ್ಕು ಜನರ ಮುಂದೆ ಹೇಳಿದ್ದು ತಪ್ಪು. ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಅವಳ ಮೇಲಧಿಕಾರಿ ಎಲ್ಲರೆದುರು ಅವಳ ತಪ್ಪು ತೋರಿಸಿದಾಗ ಮೂರು ದಿನ ಮುಖ ಊದಿಸಿಕೊಂಡಿದ್ದು ಅವಳಿಗೆ ನೆನಪಿತ್ತು. ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡನಿಗೆ ವಿಮಾನವೆಂದರೆ ಕುರ್ಚಿ ಹತ್ತಿ ಬಲ್ಬು ಬದಲಿಸುವುದಕ್ಕಿಂತ ಅಪಾಯದ ಕೆಲಸ. ಅವರು ಕುರ್ಚಿಯನ್ನೂ ಹತ್ತುತ್ತಿರಲಿಲ್ಲ. ಸಾವಧಾನವಾಗಿ ಕೇಳಿಸಿಕೊಂಡು, ನಾಳೆ ಹೋಗಿ ಮೇಸ್ತ್ರಿಯ ಹತ್ತಿರ ಸಮಾಧಾನದಿಂದ ಮಾತಾಡಿ ಬಾ, ಆದರೆ ಹೇಳಿದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳಬೇಡ, ಅದರಲ್ಲಿ ಹಾರುವವನು ನನ್ನ ತಮ್ಮ, ಎಂದರು.

ಮರುದಿನ ಬೆಳಿಗ್ಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಳು. ಒಂದನ್ನೂ ಹೇಳಬೇಕಾಗಲಿಲ್ಲ. ಮೇಸ್ತ್ರಿ ಅವಳಿಗಿಂತ ಮೊದಲೇ ಬಂದು, ಕೊಳವೆಯನ್ನು ಪೂರ್ತಿ ಬಿಚ್ಚಿ, ಚಾಕುವಿನಿಂದ ಉದ್ದಕ್ಕೆ ಸೀಳಿ, ಬೆಂಚಿನ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದರು. ಹೊರಗಿನಿಂದ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದ ರಬ್ಬರು ಒಳಗೆ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಅವರು ಅದನ್ನು ಎತ್ತಿ ಅವಳ ಕೈಗೆ ಕೊಟ್ಟರು. ಈಗೀಗ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುತ್ತಾರೆ, ಈ ಜಾತಿಯ ರಬ್ಬರಿಗೆ ಅದು ಆಗಿಬರುವುದಿಲ್ಲ, ತರಿಸುವಾಗ ಅದನ್ನು ವಿಚಾರಿಸಬೇಕಿತ್ತು ಎಂದು ನೆಲ ನೋಡುತ್ತ ಹೇಳಿದರು. ಒಂದು ಹ್ಞೂಂ ಕೂಡ ಬೆರೆಸದೆ ಅಷ್ಟು ಮಾತು. ಅತ್ತಿಗೆ ತನ್ನ ಕಥೆಯನ್ನೂ ಹೇಳಿದಳು. ಒಮ್ಮೆ ಕಾರ್ಖಾನೆಯಲ್ಲಿ ಹೀಗೇ ಬಟ್ಟೆ ಕಟ್ಟುತ್ತಿತ್ತು. ಹನ್ನೊಂದು ದಿನ ಹನ್ನೊಂದು ಬಟ್ಟೆ ಬದಲಿಸಿದ ಮೇಲೆ ಪಂಪಿನ ವಾಷರ್ ಕರಗುತ್ತಿದೆ ಎಂದು ತಿಳಿಯಿತು. ಆ ಹನ್ನೊಂದು ಬಟ್ಟೆ ಬದಲಿಸಿದ್ದು ತಾನೇ. ಮೇಸ್ತ್ರಿಯ ಮೀಸೆ ತುಸು ಅಲುಗಿತು.

"ಕೊಳವೆ ಸರಿಯಾದ್ದು ನಾನು ತರಿಸ್ತೀನಿ," ಎಂದರು. "ಫಿಲ್ಟರ್ ಯಾವುದು ಅಂತ ನೀವು ಹೇಳಿ ಅತ್ತಿಗೆ."

ಅದು ಅಷ್ಟು ಸುಲಭದ್ದಾಗಿರಲಿಲ್ಲ. ವಿಮಾನಕ್ಕೆ ಹಾಕಲು ಒಪ್ಪಿಗೆಯಿರುವ, ಈ ಕೊಳವೆಗೆ ಹೊಂದುವ ಫಿಲ್ಟರುಗಳನ್ನು ಅಂಗಡಿಯವರಿಂದ ನೋಡಲು ತರಿಸಿದರು. ವಾರದ ಮೇಲೆ ಅವೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತವು. ಡಾಕ್ಟರಮ್ಮನಿಗೆ ಗಾಜಿನ ಮೈಯದು ಬಹಳ ಹಿಡಿಸಿತು. ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದಲೇ ಕಾಣುತ್ತದೆ, ಬಾಯಿ ತೆರೆಸಬೇಕಾಗಿಲ್ಲ ಎಂದರು. ಎಂಜಿನ್ನಿನ ಪಕ್ಕದಲ್ಲಿ, ಆ ಶಾಖಕ್ಕೆ, ಆ ನಡುಕಕ್ಕೆ ಗಾಜು ಬಿರುಕು ಬಿಟ್ಟರೆ ಹೊಗೆ ಹೋಗುವ ಬಿಸಿ ಕೊಳವೆಯ ಮೇಲೆ ಪೆಟ್ರೋಲು ಸುರಿಯುತ್ತದೆ ಎಂದು ಮೇಸ್ತ್ರಿ ಹೇಳಿದ ಮೇಲೆ, ಅದನ್ನು ತಾವೇ ಎತ್ತಿ ದೂರ ಇಟ್ಟರು. ಕಾಗದದ್ದು ಎಲ್ಲಕ್ಕಿಂತ ಸಣ್ಣ ಕೊಳೆ ಹಿಡಿಯುವುದು ನಿಜ. ಆದರೆ ನೀರು ಬಿದ್ದರೆ ಉಬ್ಬುತ್ತದೆ, ಜೊತೆಗೆ ಬಿಚ್ಚಿ ನೋಡುವಂತಿಲ್ಲ. ಬಿಚ್ಚಿ ನೋಡಲಾಗದ ಫಿಲ್ಟರು ಅಂದರೆ ಅತ್ತಿಗೆಗೆ ಬಾಯಿಲ್ಲದ ಸಾಕ್ಷಿ. ಉಳಿದದ್ದು ಅಲ್ಯೂಮಿನಿಯಮ್ ಮೈಯ, ಒಳಗೆ ಸ್ಟೀಲಿನ ಜಾಲರಿಯಿದ್ದ ಫಿಲ್ಟರು. ಕೆಳಗಿನ ಬಟ್ಟಲನ್ನು ತಿರುಗಿಸಿ ಬಿಚ್ಚಬಹುದು, ಜಾಲರಿ ತೊಳೆದು ಮತ್ತೆ ಹಾಕಬಹುದು. ಪೆಟ್ರೋಲಿಗಿಂತ ಭಾರವಾದ ನೀರು ಬಟ್ಟಲಿನ ತಳದಲ್ಲಿ ಕೂರುತ್ತದೆ. ಪ್ರತಿ ಸಲ ಹಾರುವ ಮೊದಲು ಅಲ್ಲಿನ ಪುಟ್ಟ ನಲ್ಲಿ ತಿರುಗಿಸಿ ಅದನ್ನು ಬಿಟ್ಟುಬಿಡಬಹುದು. ಇದೇ ಸರಿ ಎಂದು ಎಲ್ಲರೂ ಒಪ್ಪಿದರು.

ಜಗಳ ಬಂದದ್ದು ಜಾಲರಿಯ ರಂಧ್ರದ ಅಳತೆಗೆ. ಎಂಜಿನ್ ಮಾಡಿದವರ ಪುಸ್ತಕದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಎಂದಿತ್ತು. ಅತ್ತಿಗೆಯ ಕಣ್ಣಿಗೆ ಅದು ಹೆಬ್ಬಾಗಿಲಿನಂತೆ ಕಂಡಿತು. ಹಾಲಿನ ಕಾರ್ಖಾನೆಯಲ್ಲಿ ಅಷ್ಟು ದೊಡ್ಡ ರಂಧ್ರದ ಬಟ್ಟೆಯನ್ನು ನೆಲ ಒರೆಸಲೂ ಬಳಸುತ್ತಿರಲಿಲ್ಲ ಎಂದಳು. ಅದರ ಅರ್ಧದಷ್ಟು ಸಣ್ಣದೂ ಇತ್ತು. ಅವಳಿಗೆ ಅದೇ ಬೇಕು. ಸಣ್ಣ ರಂಧ್ರ ಬೇಡವೆಂದು ಪಾಠ ಹೇಳಿದವರೇ ಈಗ ಸಣ್ಣದಕ್ಕೆ ಹಟ ಹಿಡಿದಿದ್ದಾರೆ ಎಂದು ಮೈದುನ ಮೆಲ್ಲಗೆ ನೆನಪಿಸಿದರೆ, ಅದು ಕೊಳವೆ ಉದುರುತ್ತಿದ್ದಾಗಿನ ಮಾತು, ಇದು ಬೇರೆ ಎಂದು ಬಾಯಿ ಮುಚ್ಚಿಸಿದಳು. ಮೇಸ್ತ್ರಿ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ಕೂತರು, ತೆಗೆಯಲಿಲ್ಲ. ಕೊನೆಗೆ ಡಾಕ್ಟರಮ್ಮ, ಇಷ್ಟೆಲ್ಲ ಯಾಕೆ, ಅಳೆದೇ ನೋಡೋಣ ಎಂದರು.

ಅಳೆಯುವ ಕ್ರಮ ಹೀಗೆ. ವಿಮಾನ ಮೇಲೇರುವಾಗ ಮೂಗು ಎತ್ತಿರುತ್ತದೆ, ಆಗಲೇ ಎಂಜಿನ್ನಿಗೆ ಹಸಿವೂ ಹೆಚ್ಚು, ಪೆಟ್ರೋಲು ಇಳಿಯುವುದೂ ಕಷ್ಟ. ಆದ್ದರಿಂದ ನೆಲದ ಮೇಲೆಯೇ ಮೂಗು ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ಹತ್ತು ನಿಮಿಷಕ್ಕೆ ಸಾಕಾಗುವಷ್ಟೇ ಪೆಟ್ರೋಲು ಬಿಟ್ಟು, ಎಂಜಿನ್ನಿಗೆ ಹೋಗುವ ಕೊಳವೆಯ ತುದಿಯನ್ನು ಬಿಚ್ಚಿ ಅಳತೆಯ ಕ್ಯಾನಿಗೆ ಬಿಡಬೇಕು. ಆ ಎಂಜಿನ್ ಪೂರ್ತಿ ವೇಗದಲ್ಲಿ ಹತ್ತು ನಿಮಿಷಕ್ಕೆ ನಾಲ್ಕು ಲೀಟರ್ ಕುಡಿಯುತ್ತದೆ. ಅದರ ಒಂದೂವರೆ ಪಟ್ಟು, ಅಂದರೆ ಆರು ಲೀಟರ್, ಕ್ಯಾನಿಗೆ ಬೀಳಬೇಕು. ಕಡಿಮೆ ಬಿದ್ದರೆ ಆ ಫಿಲ್ಟರು ಬೇಡ.

ಶನಿವಾರ ಬೆಳಿಗ್ಗೆ ಗಾಳಿಯಿಲ್ಲದ ಹೊತ್ತು ನೋಡಿ ವಿಮಾನವನ್ನು ಶೆಡ್ಡಿನಿಂದ ಬಯಲಿಗೆ ತಂದರು. ಡಾಕ್ಟರಮ್ಮ ಎಲ್ಲರ ಫೋನುಗಳನ್ನೂ ಕಾವಲುಗಾರನ ಬೆಂಕಿಪೊಟ್ಟಣವನ್ನೂ ಕಿತ್ತುಕೊಂಡು ದೂರದ ಕೋಣೆಯಲ್ಲಿ ಬೀಗ ಹಾಕಿ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಪಕ್ಕಕ್ಕಿಟ್ಟುಕೊಂಡು, ಕೈಗಡಿಯಾರ ಹಿಡಿದು ನಿಂತರು. ಮುಂದಿನ ಚಕ್ರವನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿದರು. ಬಾಲಕ್ಕೆ ಮರಳಿನ ಚೀಲ ಕಟ್ಟಿದರು. ಅದು ಸಾಲದೆ ಮೂಗು ಮತ್ತೆ ಮತ್ತೆ ಇಳಿಯುತ್ತಿತ್ತು. ಆಗ ಎಲ್ಲರ ಕಣ್ಣೂ ತಮಾಷೆ ನೋಡಲು ಬಂದಿದ್ದ ಅತ್ತಿಗೆಯ ಗಂಡನ ಮೇಲೆ ಬಿತ್ತು. ಅವರ ಮೈಕಟ್ಟು ಅಂಥದು. ಬಾಲದ ಹಗ್ಗ ಅವರ ಕೈಗೆ ಬಂತು. ಹಗ್ಗ ಬಿಡುವಂತಿಲ್ಲ, ಸೀನುವಂತಿಲ್ಲ, ಹತ್ತು ನಿಮಿಷ. ನೆಲದ ಮೇಲೇ ಇರುವ ಕೆಲಸವಾದ್ದರಿಂದ ಅವರು ಘನತೆಯಿಂದ ಒಪ್ಪಿಕೊಂಡರು.

ಮೊದಲು ಮೇಸ್ತ್ರಿಯ ಡ್ರಾಯರಿನಲ್ಲಿದ್ದ ಹೊಸ ಕಾಗದದ ಫಿಲ್ಟರು. ಹತ್ತು ನಿಮಿಷಕ್ಕೆ ನಾಲ್ಕೂಮುಕ್ಕಾಲು ಲೀಟರ್. ಹೊಸದೇ ಇಷ್ಟಾದರೆ, ನಾಲ್ಕು ದಿನ ಕಳೆದ ಮೇಲೆ ಏನಾಗಿರಬೇಡ ಎಂದು ಎಲ್ಲರಿಗೂ ಅರ್ಥವಾಯಿತು. ಮೇಸ್ತ್ರಿ ಅದನ್ನು ತಾವೇ ಕಸದ ಡಬ್ಬಿಗೆ ಹಾಕಿದರು.

ಆಮೇಲೆ ಅತ್ತಿಗೆಯ ಸಣ್ಣ ಜಾಲರಿ. ಪೆಟ್ರೋಲು ಚೆನ್ನಾಗಿಯೇ ಬೀಳುತ್ತಿತ್ತು. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಗೆದ್ದವಳಂತೆ ನಿಂತಿದ್ದಳು. ಹತ್ತು ನಿಮಿಷಕ್ಕೆ ಡಾಕ್ಟರಮ್ಮ ಸಾಕು ಎಂದರು. ಕ್ಯಾನಿನ ಗೆರೆ ನೋಡಿದರೆ ಐದೂವರೆ. ಅತ್ತಿಗೆ ಬಗ್ಗಿ ಬಲಗಡೆಯಿಂದ ನೋಡಿದಳು, ಎಡಗಡೆಯಿಂದ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. ಐದೂವರೆ ಐದೂವರೆಯಾಗಿಯೇ ಇತ್ತು. ಮೊದಲು ನಗು ಬಂದದ್ದು ಅವಳಿಗೇ. ಇಪ್ಪತ್ತೆಂಟು ವರ್ಷ ಹಾಲು ಸೋಸಿದವಳು ಪೆಟ್ರೋಲಿನ ಮುಂದೆ ಫೇಲಾದೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಲದ ಕಡೆಯಿಂದ ಗಂಡ, ನಾನಿನ್ನು ಹಗ್ಗ ಬಿಡಬಹುದೇ ಎಂದು ಕೇಳಿದರು. ಬಿಡುವಂತಿಲ್ಲ ಎಂದು ನಾಲ್ಕು ಬಾಯಿಂದ ಒಟ್ಟಿಗೆ ಉತ್ತರ ಹೋಯಿತು.

ಮೂರನೆಯದು ಪುಸ್ತಕದಲ್ಲಿ ಹೇಳಿದ ಅಳತೆಯದು. ಐದೂ ಮುಕ್ಕಾಲು. ಈಗ ಯಾರಿಗೂ ನಗು ಬರಲಿಲ್ಲ. ಜಾಲರಿ ಪುಸ್ತಕದ್ದೇ, ಕೊಳವೆ ಹೊಸದೇ, ಆದರೂ ಕಾಲು ಲೀಟರ್ ಎಲ್ಲಿ ನಿಂತಿತು? ಮೈದುನನ ಮುಖ ಸಪ್ಪಗಾಯಿತು. ಅತ್ತಿಗೆ ಜಾಲರಿಯನ್ನು ಬಿಚ್ಚಿ ಭೂತಕನ್ನಡಿಯಲ್ಲಿ ಓದಿದಳು. ಏನೂ ಇರಲಿಲ್ಲ, ಫಳಫಳ ಹೊಳೆಯುತ್ತಿತ್ತು.

ಮೇಸ್ತ್ರಿಯ ಮೂಗಿನಿಂದ ಒಂದು ಹ್ಞೂಂ ಹೊರಟಿತು. ಅವರು ಜಾಲರಿಯನ್ನು ನೋಡುತ್ತಿರಲಿಲ್ಲ. ಫಿಲ್ಟರಿನಿಂದ ಹೊರಗೆ ಬರುವಲ್ಲಿ, ಕೊಳವೆ ತಿರುಗುವ ಜಾಗದಲ್ಲಿ ಮೊಣಕೈ ಎಂದು ಕರೆಯುವ ಒಂದು ಬಾಗಿದ ಹಿತ್ತಾಳೆಯ ತುಂಡು ಇತ್ತು. ಮೊದಲಿನಿಂದ ಅದೇ ಇದ್ದದ್ದು, ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿ ಅತ್ತಿಗೆಯ ಕೈಗೆ ಕೊಟ್ಟರು. ಹೊರಗೆ ದಪ್ಪಗಿದ್ದ ಮೊಣಕೈಯ ಒಳದಾರಿ ಪೆನ್ಸಿಲ್ಲಿನ ಸೀಸದಷ್ಟಿರಲಿ ಎಂದು ಯಾವನೋ ಪುಣ್ಯಾತ್ಮ ಕೊರೆದಂತಿತ್ತು. ಫಿಲ್ಟರು ಎಷ್ಟು ಧಾರಾಳವಾಗಿ ಬಿಟ್ಟರೇನು, ಬಾಗಿಲಲ್ಲೇ ಇಕ್ಕಟ್ಟು. ಸರಿಯಾದ ಅಳತೆಯ ಇನ್ನೊಂದನ್ನು ಮೇಸ್ತ್ರಿ ಹುಡುಕಿ ತಂದು ಹಾಕಿ, ಫಿಲ್ಟರಿನ ಮೈಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೇ ಇದೆಯೆಂದು ಎರಡೆರಡು ಸಲ ನೋಡಿದರು. ಜಾಲರಿ ಪುಸ್ತಕದ ಅಳತೆಯದೇ ಇರಲಿ ಎಂದು ಅತ್ತಿಗೆ ತಾನೇ ಹೇಳಿದಳು. ಅತ್ತಿಗೆಯ ಗಂಡ ನಾಲ್ಕನೆಯ ಸಲ ಹಗ್ಗ ಬಿಗಿ ಹಿಡಿದರು.

ಏಳೂ ಕಾಲು ಲೀಟರ್.

ಡಾಕ್ಟರಮ್ಮ ಕ್ಯಾನಿನ ಸುತ್ತ ಒಂದು ಸುತ್ತು ಕುಣಿದರು. ಮೈದುನ ಮೇಸ್ತ್ರಿಯ ಕೈ ಕುಲುಕಿ ಬಿಡಲೇ ಇಲ್ಲ. ಈ ಗಲಾಟೆಯಲ್ಲಿ ಗಂಡನಿಗೆ ಹಗ್ಗ ಬಿಡಲು ಹೇಳುವುದು ಮರೆತೇಹೋಗಿ, ಅವರು ಇನ್ನೂ ಐದು ನಿಮಿಷ ಹಾಗೇ ನಿಂತಿದ್ದರು.

ಬುಧವಾರ ಇನ್ಸ್‌ಪೆಕ್ಟರ್ ಬಂದು ಎಲ್ಲವನ್ನೂ ಬಗ್ಗಿ, ಮಲಗಿ, ಕೈಹಾಕಿ ನೋಡಿದರು. ಕಾಗದಪತ್ರಗಳನ್ನು ತಿರುವಿದರು. ಫಿಲ್ಟರು ಆರಿಸಿದ್ದು ಯಾರು ಎಂದು ಕೇಳಿದಾಗ ಅತ್ತಿಗೆ ಮೇಸ್ತ್ರಿಯನ್ನು ತೋರಿಸಿದಳು, ಮೇಸ್ತ್ರಿ ಅತ್ತಿಗೆಯನ್ನು ತೋರಿಸಿದರು, ಡಾಕ್ಟರಮ್ಮ ಪುಸ್ತಕ ತೋರಿಸಿದರು. ಇನ್ಸ್‌ಪೆಕ್ಟರ್ ನಕ್ಕು ಸಹಿ ಹಾಕಿದರು. ಮೊದಲ ಹಾರಾಟಕ್ಕೆ ಪೈಲಟ್ ಒಬ್ಬನೇ ಹೋಗಬೇಕು, ಮೈದಾನ ಬಿಟ್ಟು ದೂರ ಹೋಗಬಾರದು, ಅದು ಸರಿಯಾದರೆ ಆಮೇಲೆ ಬೇರೆಯವರು ಕೂರಬಹುದು ಎಂದು ಬರೆದುಕೊಟ್ಟರು.

ಭಾನುವಾರ ಮೈದುನ ಒಬ್ಬನೇ ವಿಮಾನ ಹತ್ತಿದ. ಅಲ್ಲಿಯವರೆಗೂ ಅತ್ತಿಗೆಗೆ ಅದು ಜಾಲರಿ, ರಂಧ್ರ, ಲೀಟರಿನ ಲೆಕ್ಕವಾಗಿತ್ತು. ಅವನು ಬೆಲ್ಟು ಕಟ್ಟಿಕೊಂಡು ಬಾಗಿಲು ಎಳೆದುಕೊಂಡಾಗ ಅವಳು ತನಗೆ ತಿಳಿಯದೆಯೇ ಎರಡು ಹೆಜ್ಜೆ ಮುಂದೆ ಹೋದಳು. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಹನ್ನೊಂದು ವರ್ಷ. ಅಮ್ಮನಿಲ್ಲದ ಹುಡುಗ. ಮೊದಮೊದಲು ಬಾಗಿಲ ಹಿಂದಿನಿಂದ ಇಣುಕಿ ನೋಡುತ್ತಿದ್ದವನು, ಆಮೇಲೆ ಅವಳ ಸೆರಗು ಬಿಡುತ್ತಿರಲಿಲ್ಲ. ಅವನಿಗೆ ಸೈಕಲ್ ಕಲಿಸಿದವಳು ಅವಳು. ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿ, ಒಂದು ದಿನ ಅವನಿಗೆ ಹೇಳದೆ ಕೈಬಿಟ್ಟು, ಅವನು ಬೀದಿಯ ತುದಿ ಮುಟ್ಟುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದಳು. ಆಗ ಬಿದ್ದಿದ್ದರೆ ಮೊಣಕಾಲು ತರಚುತ್ತಿತ್ತು, ಅಷ್ಟೇ. ಇದು ಹಾಗಲ್ಲ. ತಾನು ಕಡಲೆಕಾಯಿ ಆರಿಸಿದ ಹಾಗೆ ಬೆಂಚಿನ ಮೇಲೆ ಕೂತು ಆರಿಸಿದ ಮುಷ್ಟಿಗಾತ್ರದ ಆ ವಸ್ತುವಿನ ಮೂಲಕವೇ ಈಗ ಅವನ ಜೀವ ಹನಿಹನಿಯಾಗಿ ಹೋಗಬೇಕು. ಒಂದು ಗಳಿಗೆ, ಬೇಡ, ಇಳಿದು ಬಾ ಎಂದು ಕೂಗಿಬಿಡೋಣವೆನ್ನಿಸಿತು.

ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದರು. ಅವರ ಕೈಯಲ್ಲಿ ಒರೆಸುವ ಬಟ್ಟೆ ಹಗ್ಗದಂತೆ ಹುರಿಗೊಂಡಿತ್ತು. ಹೆದರಿಕೆಯಾಗುತ್ತಿದೆಯೇ ಎಂದು ಅವಳು ಮೆಲ್ಲಗೆ ಕೇಳಿದಳು.

"ಪ್ರತಿ ಸಲ," ಎಂದರು ಅವರು. "ಆಗದೆ ಇದ್ದ ದಿನ ನಾನು ಈ ಕೆಲಸ ಬಿಡ್ತೀನಿ."

ಯಾಕೋ ಆ ಮಾತಿನಿಂದ ಅವಳಿಗೆ ಬಹಳ ಸಮಾಧಾನವಾಯಿತು.

ಹಳದಿ ವಿಮಾನ ಓಡಿತು. ಹಿಂದೆ ಕೆಮ್ಮಿದ ಜಾಗ ಬಂತು, ದಾಟಿತು. ಮೂಗು ಎತ್ತಿತು. ಚಕ್ರಗಳು ಹುಲ್ಲು ಬಿಟ್ಟವು. ಸದ್ದು ಒಂದೇ ಸಮನೆ, ಹೊಸ ಹೊಲಿಗೆಯಂತ್ರದ ಸದ್ದಿನಂತೆ ಎಳೆ ಕಡಿಯದೆ ಮೇಲಕ್ಕೆ ಹೋಯಿತು. ಬೇಲಿಯ ಮೇಲೆ, ಮರಗಳ ಮೇಲೆ, ಆಮೇಲೆ ಬರೀ ಆಕಾಶದಲ್ಲಿ. ಮೈದುನ ಮೈದಾನದ ಸುತ್ತ ಐದು ಸುತ್ತು ಹಾಕಿದ. ಪ್ರತಿ ಸುತ್ತಿಗೂ ಕೆಳಗಿನವರ ಕತ್ತು ಅವನ ಜೊತೆಗೇ ತಿರುಗಿತು. ಇಳಿದು ಬಂದವನು ನೇರವಾಗಿ ಬಂದು ಅತ್ತಿಗೆಯ ಕಾಲು ಮುಟ್ಟಲು ಬಗ್ಗಿದ. ಅವಳು ಅವನ ಬೆನ್ನಿಗೊಂದು ಗುದ್ದು ಕೊಟ್ಟು, ಮೊದಲು ಫಿಲ್ಟರು ಬಿಚ್ಚಿ ನೋಡೋಣ ನಡೆ ಎಂದಳು.

ಬಟ್ಟಲಿನಲ್ಲಿ ನೀರಿರಲಿಲ್ಲ. ಜಾಲರಿಯಲ್ಲಿ ರಬ್ಬರಿರಲಿಲ್ಲ. ಕೂದಲಿನಷ್ಟು ತೆಳುವಾದ ಒಂದೇ ಒಂದು ಎಳೆಯಿತ್ತು. ಅದು ಮೇಸ್ತ್ರಿಯ ಒರೆಸುವ ಬಟ್ಟೆಯದು ಎಂದು ಅವಳು ಓದಿ ಹೇಳಿದಳು. ಮರುದಿನವೇ ಮೇಸ್ತ್ರಿ ಎಳೆ ಬಿಡದ ಬಟ್ಟೆ ತರಿಸಿದರು. ಅಂದಿನಿಂದ ಇಪ್ಪತ್ತೈದು ಗಂಟೆ ಹಾರಾಟಕ್ಕೊಮ್ಮೆ ಜಾಲರಿ ಓದುವ ಕೆಲಸ ಅತ್ತಿಗೆಯದಾಯಿತು.

ಆ ಭಾನುವಾರವೇ ಡಾಕ್ಟರಮ್ಮ ಅವಳನ್ನು ಎಡಗಡೆಯಿಂದಲೂ ಮೈದುನ ಬಲಗಡೆಯಿಂದಲೂ ಹಿಡಿದು, ಬೇಡ ಬೇಡವೆನ್ನುತ್ತಿದ್ದಂತೆಯೇ ವಿಮಾನದಲ್ಲಿ ಕೂರಿಸಿದರು. ಮುಂದಿನ ಸರದಿ ನಿಮ್ಮದೇನು ಎಂದು ಗಂಡನನ್ನು ಕೇಳಲು ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಅವರು ಶೆಡ್ಡಿನೊಳಗೆ ಮಾಯವಾಗಿದ್ದರು.

ಮೇಲೆ ಹೋದ ಮೇಲೆ ಮೈದುನ ಹೆಡ್‌ಫೋನಿನಲ್ಲಿ ಹೊಳೆ ತೋರಿಸಿದ, ಪೇಟೆ ತೋರಿಸಿದ, ಆಟದ ಮೈದಾನದಲ್ಲಿ ಇರುವೆಯಂತೆ ಓಡುತ್ತಿದ್ದ ಮಕ್ಕಳನ್ನು ತೋರಿಸಿದ. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದಳು. ನೆಲದ ಹತ್ತಿರ ಬಂದಾಗ ಅವನು, ಹೇಗಿತ್ತು ಅತ್ತಿಗೆ, ಏನೇನು ನೋಡಿದಿರಿ ಎಂದು ಕೇಳಿದ. ಅವಳಿಗೆ ನಾಚಿಕೆಯಾಯಿತು. ಇಪ್ಪತ್ತು ನಿಮಿಷವೂ ಅವಳು ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತ ಕೂತಿದ್ದಳು. ಈಗ ತಾನೇ ಕಣ್ಣು ಬಿಟ್ಟರೆ, ಕೆಳಗೆ ಹುಲ್ಲು ಬಿಸಿಲಿಗೆ ಒದ್ದೆ ರೇಷ್ಮೆಯಂತೆ ಹೊಳೆಯುತ್ತಿತ್ತು, ಅದರ ಮೇಲೆ ಅವರದೇ ಪುಟ್ಟ ನೆರಳು ಓಡುತ್ತಿತ್ತು.

"ಏನೂ ನೋಡ್ಲಿಲ್ಲ ಕಣೋ," ಎಂದಳು. "ಇನ್ನೊಂದು ಸುತ್ತು ಹೋಗೋಣ. ಈ ಸಲ ನೋಡ್ತೀನಿ."

ಮೈದುನ ನಕ್ಕು, ಪೂರ್ತಿ ವೇಗ ಕೊಟ್ಟು, ಮೂಗು ಎತ್ತಿದ.